ದಿಂಬಣ್ಣನ ಆರು ಕಿಲೋ

ಬೆಳಿಗ್ಗೆ ಏಳೂಕಾಲಿಗೆ ದಿಂಬಣ್ಣನ ಹೆಂಡತಿ ತನ್ನ ಅಕ್ಕನಿಗೆ ಕಳಿಸಬೇಕಿದ್ದ ಮೆಸೇಜೊಂದನ್ನು ಕೈತಪ್ಪಿ ಇಡೀ ಕಟ್ಟಡದ ಗ್ರೂಪಿಗೆ ಕಳಿಸಿಬಿಟ್ಟಳು. ಮೆಸೇಜು ಹೀಗಿತ್ತು:

"ಇವತ್ತು ಸಂಜೆ ಆರಕ್ಕೆ ಡಾಕ್ಟರ್ ಹತ್ರ ಹೋಗ್ತಿದೀವಿ. ನಾನು ಏಳು ಕಿಲೋ, ಇವರು ಆರು ಕಿಲೋ ಇಳಿಸಿದೀವಿ. ತೂಕ ಸರಿ ಇದ್ರೆ ಇನ್ನು ಮಗುಗೆ ಪ್ರಯತ್ನ ಮಾಡ್ಬಹುದಂತೆ. ಯಾರಿಗೂ ಹೇಳ್ಬೇಡ."

ಅವಳು ಅದನ್ನು ಅಳಿಸುವಷ್ಟರಲ್ಲಿ ಇಪ್ಪತ್ತನಾಲ್ಕು ಮನೆಗಳ ಪೈಕಿ ಹತ್ತೊಂಬತ್ತು ಮನೆಯವರು ಓದಿ ಮುಗಿಸಿದ್ದರು. ಉಳಿದ ಐದು ಮನೆಗಳಿಗೆ ಈ ಹತ್ತೊಂಬತ್ತು ಮನೆಯವರೇ ಹೋಗಿ ಬಾಗಿಲು ತಟ್ಟಿ ಹೇಳಿದರು. ನೆಲಮಹಡಿಯಲ್ಲಿದ್ದ ನಿವೃತ್ತ ಗಣಿತದ ಮೇಷ್ಟ್ರು ಗ್ರೂಪಿನಲ್ಲೇ ಉತ್ತರ ಬರೆದರು: "ಯಾರಿಗೂ ಹೇಳುವುದಿಲ್ಲ. ಶುಭವಾಗಲಿ."

"ಅಯ್ಯೋ, ಮಾನ ಹೋಯ್ತಲ್ಲ ರೀ!" ಎಂದು ಹೆಂಡತಿ ತಲೆ ಮೇಲೆ ಕೈಹೊತ್ತು ಕೂತಳು.

"ಹೋಗ್ಲಿ ಬಿಡು, ಗೊತ್ತಾದ್ರೆ ಏನಂತೆ," ಎಂದ ದಿಂಬಣ್ಣ ದೊಡ್ಡ ಮನಸ್ಸಿನಿಂದ. ಮಾನದ ಚಿಂತೆ ಅವನಿಗಿರಲಿಲ್ಲ. ಅವನ ಚಿಂತೆಯೆಲ್ಲ ಆ ಮೆಸೇಜಿನಲ್ಲಿದ್ದ ‘ಆರು ಕಿಲೋ’ ಎಂಬ ಎರಡು ಪದಗಳದ್ದು.

ದಿಂಬಣ್ಣ ಅವನ ಹುಟ್ಟುಹೆಸರಲ್ಲ. ಅವನು ಕೆಲಸ ಮಾಡುತ್ತಿದ್ದದ್ದು ಹಾಸಿಗೆ ಅಂಗಡಿಯಲ್ಲಿ, ಮತ್ತು ದೇವರು ಅವನನ್ನು ಅಂಗಡಿಯ ಸರಕಿಗೆ ಹೊಂದುವಂತೆಯೇ ತುಂಬಿ ಕಳಿಸಿದ್ದ. ಮೂರು ತಿಂಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಮಗುವಿನ ಆಸೆ ಹೊತ್ತು ಡಾಕ್ಟರಮ್ಮನ ಬಳಿ ಹೋಗಿದ್ದಾಗ ಆಕೆ ಇಬ್ಬರನ್ನೂ ತೂಕದ ಮೆಷಿನ್ನಿನ ಮೇಲೆ ನಿಲ್ಲಿಸಿ ನಿಟ್ಟುಸಿರುಬಿಟ್ಟಿದ್ದರು.

"ಮಗುವಿನ ಆರೋಗ್ಯ ಅದು ಹುಟ್ಟಿದ ದಿನ ಶುರುವಾಗಲ್ಲ. ಅದಕ್ಕೂ ಮುಂಚೇನೇ, ಅಪ್ಪ ಅಮ್ಮನ ಮೈಯಲ್ಲೇ ಶುರುವಾಗುತ್ತೆ. ನಾಳೆ ಅದಕ್ಕೆ ಬೊಜ್ಜು, ಸಕ್ಕರೆ ಕಾಯಿಲೆ ಅಂತ ಬರೋದು ಬೇಡ ಅನ್ನೋದಾದ್ರೆ ಇವತ್ತು ನೀವು ಸ್ವಲ್ಪ ಇಳೀಬೇಕು. ಅಮ್ಮ ಮಾತ್ರ ಅಲ್ಲ, ಅಪ್ಪನೂ."

ಆ ‘ಅಪ್ಪನೂ’ ಎಂಬುದರ ಕೊನೆಯ ದೀರ್ಘ ಅನವಶ್ಯಕ ಎಂದು ದಿಂಬಣ್ಣನಿಗೆ ಅನ್ನಿಸಿತ್ತು. ಆದರೆ ಹೆಂಡತಿ ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ಯಾವ ಪುಸ್ತಕ ಯಾವ ದಿನ ಹೋಯಿತು, ಯಾವ ದಿನ ಬಂತು ಎಂದು ಬರೆದಿಡದೆ ನಿದ್ದೆ ಬಾರದವಳು. ಅವತ್ತೇ ಒಂದು ಹಾಳೆಗೆ ಗೆರೆ ಹೊಡೆದು, ಎಡಕ್ಕೆ ‘ನಾನು’, ಬಲಕ್ಕೆ ‘ಇವರು’ ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಪ್ರತಿ ಭಾನುವಾರ ಅವಳು ಬಚ್ಚಲುಮನೆಯ ಪುಟ್ಟ ಮೆಷಿನ್ನಿನ ಮೇಲೆ ನಿಂತು ತನ್ನ ತೂಕ ಬರೆಯುತ್ತಿದ್ದಳು. ದಿಂಬಣ್ಣ ಮಾತ್ರ, "ಇದು ಆಟದ ಸಾಮಾನು ಕಣೆ. ನಮ್ಮ ಅಂಗಡೀಲಿ ಹತ್ತಿ ಮೂಟೆ ತೂಗೋ ಕಾಟಾ ಇದೆ, ಅದು ಸುಳ್ಳು ಹೇಳಲ್ಲ," ಎಂದು ತನ್ನ ಬದಿಗೆ ತಾನೇ ಅಂಕಿ ತುಂಬುತ್ತಿದ್ದ. ಕಾಟಾ ಸುಳ್ಳು ಹೇಳುತ್ತಿರಲಿಲ್ಲ ನಿಜ. ಅದನ್ನು ಅವನು ಕೇಳಿಯೇ ಇರಲಿಲ್ಲ. ವಾರಕ್ಕೆ ಅರ್ಧ ಕಿಲೋದಂತೆ ಅಂಕಿಗಳು ಮೆಟ್ಟಿಲಿಳಿದು ಬಂದವು. ಮೈ ಮಾತ್ರ ಮಹಡಿಯಲ್ಲೇ ಕಾಲು ಚಾಚಿ ಕೂತಿತ್ತು.

ತಪ್ಪು ಅವನೊಬ್ಬನದೇ ಎನ್ನುವ ಹಾಗೂ ಇಲ್ಲ. ಬೆಳಿಗ್ಗೆ ಮನೆಯಲ್ಲಿ ಸೌತೆಕಾಯಿ ತಿಂದು ಹೊರಟವನಿಗೆ ಅಂಗಡಿಯ ಪಕ್ಕದಲ್ಲೇ ಬೇಕರಿ ಇತ್ತು. ಬೇಕರಿಯನ್ನು ಅಲ್ಲಿ ಇಟ್ಟವನು ದಿಂಬಣ್ಣನಲ್ಲವಲ್ಲ.

ಹೆಂಡತಿ ಕೂದಲು ಬಾಚಿಕೊಳ್ಳುತ್ತಿರುವಾಗ ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಮೂರು ತಿಂಗಳಲ್ಲಿ ಮೊದಲ ಬಾರಿ ಆ ‘ಆಟದ ಸಾಮಾನಿ’ನ ಮೇಲೆ ಹತ್ತಿ ನಿಂತ. ಶುರುವಿನಲ್ಲಿ ಇದ್ದದ್ದು ತೊಂಬತ್ತಾರು. ಹಾಳೆಯ ಪ್ರಕಾರ ಈಗಿರಬೇಕಾದ್ದು ತೊಂಬತ್ತು. ಮುಳ್ಳು ತೊಂಬತ್ತೇಳರಲ್ಲಿ ನಿಂತಿತು. ಅವನು ಉಸಿರು ಹೊರಬಿಟ್ಟು ನೋಡಿದ. ಉಸಿರಿಗೆ ತೂಕವಿರಲಿಲ್ಲ.

ಈಗಲೇ ಹೇಳಿಬಿಡೋಣ ಎಂದು ಹೊರಗೆ ಬಂದ. ಹೆಂಡತಿ ಕನ್ನಡಿಯ ಮುಂದೆ ನಿಂತು, ಮೂರನೇ ಸಲ ಒಳಗೆ ಹಿಡಿಸಿದ್ದ ತನ್ನ ರವಿಕೆಯ ಹೊಲಿಗೆಯನ್ನು ನೋಡಿಕೊಳ್ಳುತ್ತಿದ್ದಳು.

"ರೀ, ನೀವಿಲ್ದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ. ಇವರೇ ಬಾಯಿ ಕಟ್ಟಿದಾರೆ, ನಂಗೇನು ಅಂತ ಅಂದ್ಕೊಂಡೇ ಇಷ್ಟು ದಿನ ತಡ್ಕೊಂಡೆ. ನಮ್ಮ ಮಗು ಚೆನ್ನಾಗಿ ಓಡ್ಬೇಕು ರೀ. ನಮ್ಮ ಥರ ಎರಡು ಮೆಟ್ಲಿಗೆ ಏದುಸಿರು ಬಿಡ್ಬಾರ್ದು."

ಹೇಳಲು ಬಂದ ದಿಂಬಣ್ಣ ಗಡಿಯಾರ ನೋಡಿದ. ಸಂಜೆ ಆರಕ್ಕೆ ಇನ್ನೂ ಹತ್ತೂವರೆ ಗಂಟೆ ಇತ್ತು. ಹತ್ತೂವರೆ ಗಂಟೆಗೆ ಏಳು ಕಿಲೋ. ಜಗತ್ತಿನಲ್ಲಿ ಎಂತೆಂಥವರು ಎಂತೆಂಥ ಸಾಧನೆ ಮಾಡಿಲ್ಲ?

ಲಿಫ್ಟಿನ ಬಾಗಿಲಲ್ಲಿ ಮೇಷ್ಟ್ರು ಅಡ್ಡ ನಿಂತಿದ್ದರು.

"ಇವತ್ತು ನಿಂಗೆ ಲಿಫ್ಟ್ ಇಲ್ಲ. ಕಡೇ ದಿನ ಸಡಿಲ ಬಿಟ್ಟವನೇ ಫೇಲಾಗೋದು. ಮೂವತ್ತೆಂಟು ವರ್ಷ ನೋಡಿದೀನಿ. ಇಳಿ ಮೆಟ್ಲು!"

"ಇಳೀತೀನಿ ಸಾರ್."

"ಇಳ್ದು ಮತ್ತೆ ಹತ್ತು. ಇಳಿಯೋದ್ರಲ್ಲಿ ಏನಿದೆ? ಕಲ್ಲೂ ಇಳಿಯುತ್ತೆ."

ನಾಲ್ಕು ಮಹಡಿಯ ಮೆಟ್ಟಿಲನ್ನು ಮೇಷ್ಟ್ರು ಅವನಿಂದ ಮೂರು ಸಲ ಹತ್ತಿಸಿ ಇಳಿಸಿದರು. ತಾವು ಮಾತ್ರ ಪ್ರತಿ ಸಲವೂ ಲಿಫ್ಟಿನಲ್ಲಿ ಬಂದು ಮೇಲೆ ಕಾಯುತ್ತಿದ್ದರು. ಮನೆಮನೆಯ ಬಾಗಿಲು ಅರ್ಧರ್ಧ ತೆರೆದುಕೊಂಡು, "ಆರು ಕಿಲೋ ಇಳಿಸಿದಾರಂತೆ ಕಣ್ರೀ," "ಎಲ್ಲಿಂದ ಇಳಿಸಿದ್ರೋ, ಗೊತ್ತೇ ಆಗಲ್ಲ," ಎಂಬ ಪ್ರೋತ್ಸಾಹದ ಮಾತುಗಳು ಹೊರಬಂದವು. ಮೂರನೇ ಸುತ್ತಿಗೆ ಮೂರನೇ ಮಹಡಿಯ ಅಜ್ಜಿ ದೊಡ್ಡ ಲೋಟವೊಂದನ್ನು ಹಿಡಿದು ದಾರಿಯಲ್ಲೇ ನಿಂತಿದ್ದರು. ಒಳಗೆ ಕಡುಹಸಿರು ದ್ರವ.

"ಕುಡೀಪ್ಪ. ಸೊಪ್ಪಿನ ರಸ. ಒಂದೇ ದಿನದಲ್ಲಿ ಹೊಟ್ಟೆ ಬೆನ್ನಿಗೆ ಹತ್ಕೊಳುತ್ತೆ. ನಮ್ಮನೆಯವರು ದಿನಾ ಇದನ್ನೇ ಕುಡ್ದು ಹೂವಿನ ಥರ ಹಗುರ ಆಗಿದ್ರು."

"ಈಗ ಹೇಗಿದಾರೆ ಅಜ್ಜಿ?"

"ಈಗ ಇಲ್ಲ," ಎಂದರು ಅಜ್ಜಿ. "ಕುಡಿ."

ಕುಡಿದ. ರಸ ಅಜ್ಜಿ ಹೇಳಿದ್ದಕ್ಕಿಂತ ಬೇಗ ಕೆಲಸಕ್ಕೆ ಹತ್ತಿತು. ಬಸ್ಸಿನಲ್ಲಿ ಮೂರನೇ ಸ್ಟಾಪು ದಾಟುವಷ್ಟರಲ್ಲಿ ಅವನ ಹೊಟ್ಟೆಯೊಳಗೆ ಯಾರೋ ಕಬ್ಬಿಣದ ಪೆಟ್ಟಿಗೆ ಎಳೆದಾಡಿದ ಸದ್ದಾಯಿತು. ಪಕ್ಕದಲ್ಲಿ ಕೂತಿದ್ದವರು ಎದ್ದು ನಿಂತರು. ಅಂಗಡಿ ಸೇರುವ ಮೊದಲು ಅವನು ಎರಡು ಕಡೆ ಬಸ್ಸಿಳಿದು, ಗುರುತಿಲ್ಲದ ಎರಡು ಹೋಟೆಲುಗಳಲ್ಲಿ ಕೈಮುಗಿದು ಬೇಡಿ ಒಳಗೆ ಹೋಗಿಬಂದ. ಅಂಗಡಿಯಲ್ಲಿ ಮತ್ತೆ ಮೂರು ಸಲ. ಆಮೇಲೆ ಧೈರ್ಯ ಮಾಡಿ ಹತ್ತಿ ಕಾಟಾದ ಮೇಲೆ ನಿಂತ. ತೊಂಬತ್ತೈದೂವರೆ. ಅವನ ಕಣ್ಣಲ್ಲಿ ನೀರು ಬಂತು. ಆ ನೀರೂ ಹೊರಗೆ ಹೋದರೆ ಒಳ್ಳೆಯದೇ ಎಂದು ಒರೆಸಿಕೊಳ್ಳಲಿಲ್ಲ.

"ಏನೋ ದಿಂಬು, ಕಾಟಾ ಮೇಲೆ ನಿಂತು ಅಳ್ತಿದೀಯ?" ಎಂದ ಗವಸು ಹೊಲಿಯುವ ಟೈಲರ್.

ದಿಂಬಣ್ಣ ಎಲ್ಲವನ್ನೂ ಹೇಳಿಕೊಂಡ. ಟೈಲರ್ ಗೆಳೆಯನ ಕಷ್ಟಕ್ಕೆ ಮರುಗುವ ಜಾತಿಯವನು. ಅವನು ಮರುಗಿದ್ದರಿಂದ ಹಿಂದೆಯೂ ಹಲವರಿಗೆ ಪೆಟ್ಟಾಗಿತ್ತು.

"ಕೊಬ್ಬು ಒಂದಿನಕ್ಕೆ ಹೋಗಲ್ಲ ಕಣೋ. ಆದ್ರೆ ಡಾಕ್ಟರ್ ಮೆಷಿನ್ನಿಗೆ ಕೊಬ್ಬು ಯಾವುದು ನೀರು ಯಾವುದು ಗೊತ್ತಾಗುತ್ತಾ? ನೀರು ತೆಗೆಯೋಣ. ಬಾ."

ಒಳಕೋಣೆಯಲ್ಲಿ ಹಾಸಿಗೆಗಳಿಗೆ ಪ್ಲಾಸ್ಟಿಕ್ ಹೊದಿಸಿ ಬಿಸಿ ಗಾಳಿಯಿಂದ ಬಿಗಿ ಮಾಡುವ ಯಂತ್ರವಿತ್ತು. ಅಲ್ಲಿ ಬೇಸಿಗೆ ಎಂಬುದು ಹನ್ನೆರಡು ತಿಂಗಳೂ ಇರುತ್ತಿತ್ತು. ಟೈಲರ್ ಒಬ್ಬರು ಮಲಗುವ ಅಳತೆಯ ದಪ್ಪ ಗವಸೊಂದನ್ನು ತಂದು, ದಿಂಬಣ್ಣನನ್ನು ಅದರೊಳಗೆ ಕಾಲಿನಿಂದ ಇಳಿಸಿ, ಕತ್ತಿನವರೆಗೂ ಜಿಪ್ಪು ಎಳೆದ. ಆಮೇಲೆ ಗಾಳಿ ಹೊರಗೆ ಹೋಗಬಾರದೆಂದು ಕತ್ತಿನ ಮೇಲೂ ಎಳೆದು, ಮೂಗಿನ ಹತ್ತಿರ ನಾಲ್ಕು ಬೆರಳಗಲ ಬಿಟ್ಟ. ಯಂತ್ರದ ಪಕ್ಕ, ಜೋಡಿಸಿಟ್ಟ ಹಾಸಿಗೆಗಳ ಸಾಲಿನಲ್ಲೇ ಅವನನ್ನು ಮಲಗಿಸಿ, "ಅರ್ಧ ಗಂಟೆ. ಅಲ್ಲಾಡ್ಬೇಡ," ಎಂದು ಹೋದ.

ಅರ್ಧ ಗಂಟೆಯಲ್ಲ, ಹತ್ತು ನಿಮಿಷಕ್ಕೆ ಅಂಗಡಿಗೆ ಹಾಸ್ಟೆಲ್ ಒಂದರ ವಾರ್ಡನ್ ಮೇಡಂ ಬಂದರು. ನಲವತ್ತು ಹಾಸಿಗೆ ಬೇಕಿತ್ತು. ಯಜಮಾನರಿಗೆ ನಿಂತ ನೆಲವೇ ಹಾಸಿಗೆಯಂತೆ ಮೆತ್ತಗಾಯಿತು.

"ದಿಂಬೂ!" ಎಂದು ಕೂಗಿದರು. ದೊಡ್ಡ ಗಿರಾಕಿ ಬಂದಾಗಲೆಲ್ಲ ಅವರು ಕೂಗುತ್ತಿದ್ದದ್ದು ಅದನ್ನೇ. ದಿಂಬಣ್ಣ ಬಂದು ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದು ಏಳುತ್ತಿದ್ದ. ಹಾಸಿಗೆ ಮತ್ತೆ ಮೊದಲಿನಂತೆ ಉಬ್ಬುತ್ತಿತ್ತು. ಗಿರಾಕಿ ಮರುಮಾತಿಲ್ಲದೆ ಒಪ್ಪುತ್ತಿದ್ದ. ಅಂಗಡಿಗೆ ಬೇರೆ ಜಾಹೀರಾತು ಇರಲಿಲ್ಲ.

ಉತ್ತರ ಬರಲಿಲ್ಲ. ಯಜಮಾನರು ಮೇಡಂರನ್ನು ಕರೆದುಕೊಂಡು ಒಳಕೋಣೆಗೇ ಬಂದರು. ಮೇಡಂ ಒಂದೊಂದೇ ಹಾಸಿಗೆಯನ್ನು ಒತ್ತಿ ನೋಡುತ್ತ ಬಂದು, ಕೊನೆಯದರ ಮೇಲೆ ಕೈಯಿಟ್ಟು ತಡೆದರು.

"ಇದ್ಯಾಕೆ ಬೆಚ್ಚಗಿದೆ?"

"ಈಗ ತಾನೇ ತಯಾರಾಗಿದ್ದು ಮೇಡಂ."

"ಮೇಲೆ ಕೆಳಗೆ ಆಗ್ತಿದೆ!"

ಯಜಮಾನರು ಕಣ್ಣು ಕಿರಿದು ಮಾಡಿ ನೋಡಿದರು. ನಿಜವಾಗಿಯೂ ಆಗುತ್ತಿತ್ತು. ಆದರೆ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವರು ಅವರು. "ಉಸಿರಾಡೋ ಹಾಸಿಗೆ ಮೇಡಂ. ಹೊಸ ಮಾದರಿ. ಗಾಳಿ ತಾನೇ ಎಳ್ಕೊಂಡು ತಾನೇ ಬಿಡುತ್ತೆ."

"ಹೌದಾ?" ಎಂದು ಮೇಡಂ ಅದರ ಮೇಲೆ ಕೂತೇಬಿಟ್ಟರು.

"ಅಮ್ಮಾ!" ಎಂದಿತು ಹಾಸಿಗೆ.

ಮುಂದಿನ ಐದು ನಿಮಿಷ ಆ ಕೋಣೆಯಲ್ಲಿ ಯಾರು ಯಾರನ್ನು ಏನೆಂದರು ಎಂಬುದು ಬೇಡ. ಜಿಪ್ಪು ಕಚ್ಚಿಕೊಂಡಿದ್ದರಿಂದ ಟೈಲರ್ ಕತ್ತರಿ ತಂದು ಗವಸು ಕುಯ್ದ. ಕುದಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದಂತೆ ದಿಂಬಣ್ಣ ಹಬೆಯಾಡುತ್ತ ಹೊರಬಂದ. ಎದ್ದು ನಿಂತವನಿಗೆ ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿದ್ದ ನಿಜವಾದ ಹಾಸಿಗೆಯ ಮೇಲೆ ಬಿದ್ದವನು ಬಿದ್ದಂತೆಯೇ ಗೊರಕೆ ಹೊಡೆಯತೊಡಗಿದ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ, ಇದ್ದದ್ದೂ ಇಲ್ಲ.

ವಾರ್ಡನ್ ಮೇಡಂ ಅವನನ್ನು ಬಹಳ ಹೊತ್ತು ನೋಡಿದರು. "ನಮ್ಮ ಹುಡ್ಗೀರು ರಾತ್ರಿಯೆಲ್ಲ ಫೋನ್ ಹಿಡ್ಕೊಂಡು ಕೂತಿರ್ತಾರೆ. ಬಿದ್ದ ತಕ್ಷಣ ನಿದ್ದೆ ಬರ್ಸೋ ಹಾಸಿಗೆ ಇದೊಂದೇ ನಾನು ನೋಡಿದ್ದು. ನಲವತ್ತೂ ಇದೇ ಕೊಡಿ," ಎಂದರು.

ದಿಂಬಣ್ಣ ಕಣ್ಣು ಬಿಟ್ಟಾಗ ಯಜಮಾನರು ಬೇಕರಿಯಿಂದ ತರಿಸಿದ ಕೇಕಿನ ಪೆಟ್ಟಿಗೆ ಹಿಡಿದು ಎದುರಿಗೆ ಕೂತಿದ್ದರು. ಮುಖದಲ್ಲಿ ಅಕ್ಕರೆ ಉಕ್ಕುತ್ತಿತ್ತು.

"ತಿನ್ನಪ್ಪ. ಇದು ನಿಂಗೆ. ಟೈಲರ್ ಏನೋ ಹೇಳ್ದ, ತೂಕ ಇಳಿಸ್ತಿದೀಯಂತೆ? ತಲೆ ಕೆಟ್ಟಿದ್ಯಾ? ನೀನು ಸಣ್ಣಗಾದ್ರೆ ಈ ಅಂಗಡಿ ಗತಿ ಏನು? ಬಾಯಿ ತೆಗಿ."

"ಬೇಡ ಸಾರ್. ಸಂಜೆ ಡಾಕ್ಟರ್..."

"ಡಾಕ್ಟರ್ ಸಂಬಳ ಕೊಡ್ತಾಳಾ? ಬಾಯಿ ತೆಗಿ."

ಮೂರು ತಿಂಗಳು ಯಾರೂ ಕೊಡದೆ ತಾನಾಗಿ ತಿಂದವನು, ಯಜಮಾನರೇ ಕೈಯಾರೆ ತಿನ್ನಿಸಲು ಬಂದ ದಿನ ಹಲ್ಲು ಬಿಗಿ ಹಿಡಿದ. ತುಟಿಗೆ, ಮೂಗಿಗೆ, ಒಂದು ಕಿವಿಗೆ ಕೆನೆ ಮೆತ್ತಿತು. ಒಳಗೆ ಮಾತ್ರ ಒಂದು ಚೂರೂ ಹೋಗಲಿಲ್ಲ. ಬಾಳಿನಲ್ಲಿ ಮೊದಲ ಸಲ ಅವನು ಕೇಕನ್ನು ಗೆದ್ದಿದ್ದ. ನೋಡಬೇಕಾದ ಹೆಂಡತಿ ಅಲ್ಲಿರಲಿಲ್ಲ ಅಷ್ಟೆ.

ನಾಲ್ಕೂವರೆಗೆ ಕಾಟಾ ತೊಂಬತ್ತಮೂರೂ ಮುಕ್ಕಾಲು ಎಂದಿತು. ದಿಂಬಣ್ಣ ಸೀದಾ ಎದುರಿನ ಕ್ಷೌರದಂಗಡಿಗೆ ನುಗ್ಗಿದ.

"ಎಷ್ಟು ಕಮ್ಮಿ ಮಾಡ್ಲಿ ಅಣ್ಣ?"

"ಮೂರೂ ಮುಕ್ಕಾಲು ಕಿಲೋ."

ಕ್ಷೌರಿಕ ಕನ್ನಡಿಯಲ್ಲಿ ಅವನ ಮುಖ ನೋಡಿ, ಜಗಳಕ್ಕಿಳಿಯುವುದು ಬೇಡವೆಂದು ಪೂರ್ತಿ ಬೋಳಿಸಿದ. ಮೀಸೆಯನ್ನೂ ಬಿಡಲಿಲ್ಲ. ಹುಬ್ಬಿನ ಮೇಲೂ ದಿಂಬಣ್ಣ ಬೆರಳಾಡಿಸುತ್ತಿದ್ದ. ಕ್ಷೌರಿಕನೇ ದೊಡ್ಡ ಮನಸ್ಸು ಮಾಡಿ, "ಅದು ಇರ್ಲಿ ಅಣ್ಣ, ಮನೇಲಿ ಗುರುತು ಹಿಡೀಬೇಕಲ್ಲ," ಎಂದ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಹೆಂಡತಿ, ಪಕ್ಕದಲ್ಲಿ ಬಂದು ಕೂತ ಬೋಳುತಲೆಯವನಿಂದ ಸ್ವಲ್ಪ ಸರಿದು ಕೂತಳು. ಆಮೇಲೆ ಹುಬ್ಬು ನೋಡಿದಳು.

"ಏನ್ರೀ ಇದು!"

"ಸೆಖೆ," ಎಂದ ದಿಂಬಣ್ಣ. ಅವನ ತುಟಿ ಒಣಗಿ ಬಿರಿದಿತ್ತು. ಬೆಳಗಿನ ರಸವಾದ ಮೇಲೆ ಒಂದು ತೊಟ್ಟು ನೀರು ಕುಡಿದಿರಲಿಲ್ಲ.

ನರ್ಸ್ ಮೊದಲು ಹೆಂಡತಿಯನ್ನು ಒಳಗೆ ಕರೆದೊಯ್ದು ತೂಕ ನೋಡಿ, ರಕ್ತ, ಮೂತ್ರ ಎಲ್ಲ ತೆಗೆದುಕೊಂಡು ಕಳಿಸಿದಳು. ಸರಿಯಾಗಿ ಏಳು ಕಿಲೋ ಇಳಿದಿತ್ತು. ಆಮೇಲೆ ದಿಂಬಣ್ಣನ ಕಡೆ ತಿರುಗಿ, "ನೀವು ಶೂ ಬಿಚ್ಚಿ," ಎಂದಳು. ಅವನು ಬಗ್ಗಿ ಲೇಸು ಬಿಚ್ಚತೊಡಗಿದ. ಒಂದು ಗಂಟು ಬಿಚ್ಚಿದರೆ ಎರಡು ಗಂಟು ಹಾಕುತ್ತಿದ್ದ. ಹೀಗೆ ಒಂದೇ ಶೂ ಜೊತೆ ಕಾಲು ಗಂಟೆ ಕಳೆಯುವಷ್ಟರಲ್ಲಿ ಒಳಗಿನಿಂದ ಡಾಕ್ಟರಮ್ಮನ ದನಿ ಬಂತು: "ಅವರ ತೂಕ ಬಿಡು. ಇಬ್ಬರನ್ನೂ ಕಳ್ಸು."

ಡಾಕ್ಟರಮ್ಮ ಕೈಯಲ್ಲಿ ಒಂದು ಚೀಟಿ ಹಿಡಿದು ನಗುತ್ತಿದ್ದರು.

"ಇನ್ಮೇಲೆ ನೀವು ತೂಕ ಇಳಿಸೋದು ನಿಲ್ಲಿಸ್ಬೇಕಮ್ಮ."

"ಯಾಕೆ ಡಾಕ್ಟ್ರೇ? ಜಾಸ್ತಿ ಆಯ್ತಾ?"

"ಜಾಸ್ತಿ ಏನಲ್ಲ. ಒಬ್ಬರು ಜಾಸ್ತಿ ಆಗಿದಾರೆ. ನೀವು ಬಸುರಿ. ತಿಂಗಳು ತಪ್ಪಿದ್ದು ಗೊತ್ತಾಗ್ಲಿಲ್ವಾ?"

"ಊಟ ಬಿಟ್ಟಿದ್ದಕ್ಕೆ ಹಾಗೆ ಅಂದ್ಕೊಂಡಿದ್ದೆ..." ಎಂದ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಹರಿಯಿತು. ದಿಂಬಣ್ಣ ಅವಳ ಬೆನ್ನ ಮೇಲೆ ಕೈಯಿಟ್ಟ. ಪ್ರಯತ್ನವನ್ನೇ ಮಾಡದೆ ಯಶಸ್ವಿಯಾದ ಅವನ ಬಾಳಿನ ಏಕೈಕ ಕೆಲಸ ಅದು. ಅದರ ಬೆನ್ನಿಗೇ ಇನ್ನೊಂದು ಸಂತೋಷ ಉಕ್ಕಿ ಬಂತು: ಮಗು ಬಂದಾಯಿತು, ಇನ್ನು ಯಾವ ಮೆಷಿನ್ನು, ಯಾವ ಕಿಲೋ? ಬದುಕಿದೆಯಾ ಬಡಜೀವವೇ!

"ಆ ಪಟ್ಟಿ ಅಂದ್ರಲ್ಲ, ಫ್ರಿಜ್ಜಿಗೆ ಅಂಟ್ಸಿದ್ದು? ತಂದಿದೀರಾ?" ಎಂದರು ಡಾಕ್ಟರಮ್ಮ. "ಕೊಡಿ. ಏಳೆಂಟು ವಾರದ ಹಿಂದಿನ ಸಾಲು ನೋಡ್ಬೇಕು. ಈಗ ಅದೇ ತುಂಬಾ ಮುಖ್ಯ."

ಹೆಂಡತಿ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಡಾಕ್ಟರಮ್ಮ ಕನ್ನಡಕ ಏರಿಸಿ ಬೆರಳಿಟ್ಟು ಒಂದೊಂದೇ ಸಾಲು ಇಳಿಯತೊಡಗಿದರು. ದಿಂಬಣ್ಣನ ಬೋಳುತಲೆಯ ಮೇಲೆ ಬೆವರು ಮೂಡಿತು. ಮೈಯಲ್ಲಿ ಇನ್ನೂ ಬೆವರು ಉಳಿದಿದ್ದದ್ದು ಅವನಿಗೇ ಆಶ್ಚರ್ಯ. ಏಳೆಂಟು ವಾರದ ಹಿಂದೆ! ಹಾಳೆಯಲ್ಲಿ ಅವತ್ತು ತೊಂಬತ್ತನಾಲ್ಕು ಎಂದಿತ್ತು. ನಿಜದಲ್ಲಿ ಅವತ್ತು ಅವನು ಮಧ್ಯಾಹ್ನ ಎರಡು ಕ್ರೀಮ್ ಬನ್ನು, ಸಂಜೆ ಒಂದು ತಿಂದು ಮನೆಗೆ ಬಂದು, ಹಸಿವಾಗುತ್ತಿದೆಯೆಂದು ಮುಖ ಬಾಡಿಸಿಕೊಂಡಿದ್ದ. ಮಗು ಬಂದದ್ದು ಆಗ. ಅವನು ಇವತ್ತು ಎಷ್ಟು ಬೆವರಿದರೇನು, ಎಷ್ಟು ಬೋಳಿಸಿದರೇನು? ‘ಅಪ್ಪನೂ’ ಎಂಬ ಆ ದೀರ್ಘ ಸುತ್ತಿಕೊಂಡು ಬಂದು ಅವನ ಕೊರಳಿಗೆ ಬಿದ್ದಿತ್ತು.

"ಸುಳ್ಳು ಡಾಕ್ಟ್ರೇ!" ಎಂದು ಅವನು ಎದ್ದು ನಿಂತೇಬಿಟ್ಟ. "ಆ ಸಾಲು ನೋಡ್ಬೇಡಿ. ಎಲ್ಲಾ ಸುಳ್ಳು. ನಾನು ಆರು ಕಿಲೋ ಅಲ್ಲ, ಆರು ಗ್ರಾಮೂ ಇಳಿಸಿಲ್ಲ. ಒಂದಿನಾನೂ ತೂಕ ನೋಡ್ಕೊಂಡಿಲ್ಲ. ದಿನಾ ಬೇಕರಿಗೆ ಹೋಗ್ತಿದ್ದೆ. ಇವಳು ಸೌತೆಕಾಯಿ ಕಟ್ಟಿ ಕೊಡ್ತಿದ್ಲು, ಟೈಲರ್‌ಗೆ ಕೊಡ್ತಿದ್ದೆ. ಆ ವಾರ ನಾನು ತೊಂಬತ್ತೇಳೋ ತೊಂಬತ್ತೆಂಟೋ ಇದ್ದೆ... ಮಗುಗೆ ಏನಾದ್ರೂ ಆಗುತ್ತಾ ಡಾಕ್ಟ್ರೇ? ನಿಜ ಹೇಳಿ. ನನ್ನಿಂದ ಅದಕ್ಕೇನಾದ್ರೂ ಆಗುತ್ತಾ?"

ಕೊನೆಯ ಮಾತಿಗೆ ಅವನ ದನಿ ಒಡೆಯಿತು.

ಡಾಕ್ಟರಮ್ಮ ಕನ್ನಡಕ ತೆಗೆದರು. "ನಾನು ಹುಡುಕ್ತಿದ್ದದ್ದು ಇವರ ಮುಟ್ಟಿನ ತಾರೀಖು ಕಣ್ರೀ. ಹೆರಿಗೆ ದಿನ ಲೆಕ್ಕ ಹಾಕೋಕೆ. ಪಟ್ಟಿ ಅಂಚಲ್ಲಿ ಚುಕ್ಕೆ ಇಟ್ಟಿದೀನಿ ಅಂತ ಇವರು ನರ್ಸಿಗೆ ಹೇಳಿದ್ರಂತೆ." ಕನ್ನಡಕ ಒರೆಸುತ್ತ ಸೇರಿಸಿದರು: "ಗಂಡಂದಿರ ಕಡೆ ಅಂಕಿ ನಾನು ಓದೋದೇ ಇಲ್ಲ. ಇಪ್ಪತ್ತು ವರ್ಷ ಆಯ್ತು ಬಿಟ್ಟು."

ದಿಂಬಣ್ಣ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಅವಳು ಹಾಳೆಯ ಬಲಬದಿಯನ್ನೇ ನೋಡುತ್ತಿದ್ದಳು, ಹರಿದು ಹೋದ ಪುಸ್ತಕ ವಾಪಸು ಬಂದಾಗ ನೋಡುವ ಹಾಗೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದಳು ತಣ್ಣಗೆ. "ಇಲ್ಲಿ ಯಾರೂ ಕುಂಬಳಕಾಯಿ ಅಂತ್ಲೂ ಅನ್ನಲಿಲ್ಲ."

"ಮಗುಗೆ ಹೀಗೇ ಆಗುತ್ತೆ ಅಂತ ಯಾರೂ ಬರೆದು ಕೊಡಕ್ಕಾಗಲ್ಲ," ಎಂದರು ಡಾಕ್ಟರಮ್ಮ. ಈಗ ಅವರ ದನಿಯಲ್ಲಿ ನಗೆ ಇರಲಿಲ್ಲ, ಗದರಿಕೆಯೂ ಇರಲಿಲ್ಲ. "ಹೆದ್ರಬೇಡಿ. ಆದ್ರೆ ಅದು ನಾಳೆ ಹುಟ್ಟಿ ನಿಮ್ಮ ಮಾತು ಕೇಳಲ್ಲ, ನಿಮ್ಮ ತಟ್ಟೆ ನೋಡುತ್ತೆ. ಅದಕ್ಕೆ ಇನ್ನೂ ಏಳು ತಿಂಗಳಿದೆ. ಇವತ್ತಿಂದ ಹೊಸ ಪಟ್ಟಿ. ನಮ್ಮ ಮೆಷಿನ್ನು, ನಮ್ಮ ನರ್ಸು, ಪ್ರತಿ ತಿಂಗಳು. ಹತ್ತಿ."

ಹತ್ತಿದ. ನರ್ಸ್ ಬಗ್ಗಿ ನೋಡಿ, "ತೊಂಬತ್ತಮೂರೂವರೆ," ಎಂದಳು.

"ಪರ್ವಾಗಿಲ್ವೇ! ನೀವು ಹೇಳ್ದಷ್ಟು ಕೆಟ್ಟಿಲ್ಲ. ಶುರುವಿನ ತೂಕ ತೊಂಬತ್ತಮೂರೂವರೆ ಅಂತ ಬರ್ಕೋ. ಮುಂದಿನ ತಿಂಗಳು ಬರೋವಾಗ ಇದಕ್ಕಿಂತ ಎರಡು ಕಿಲೋ ಕಮ್ಮಿ ಇರ್ಬೇಕು."

ದಿಂಬಣ್ಣ ಏನೋ ಹೇಳಲು ಬಾಯಿ ತೆರೆದ. ಇದು ತೂಕವಲ್ಲ, ಸೊಪ್ಪಿನ ರಸ, ಬಿಸಿ ಗವಸು ಮತ್ತು ಕ್ಷೌರ. ಎರಡು ತಂಬಿಗೆ ನೀರು ಕುಡಿದು ಒಂದು ಹೊತ್ತು ಉಂಡರೆ ಮತ್ತೆ ತೊಂಬತ್ತೇಳಾಗುತ್ತದೆ ಎಂದು ಹೇಳಬೇಕಿತ್ತು. ಆದರೆ ಒಂದೇ ದಿನಕ್ಕೆ ಎರಡು ಸಲ ಸತ್ಯ ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಹೆಂಡತಿ ತನ್ನ ಕಡೆಯೇ ನೋಡುತ್ತಿದ್ದದ್ದೂ ಕಂಡಿತು. ಸುಮ್ಮನೆ ಇಳಿದು ಶೂ ಹಾಕಿಕೊಂಡ. ಈ ಸಲ ಗಂಟು ತಾನಾಗಿಯೇ ಬಿದ್ದಿತು.

ಕಟ್ಟಡದ ಬಾಗಿಲಲ್ಲಿ ಹತ್ತೊಂಬತ್ತು ಮನೆಯವರೂ ಏನೋ ಕೆಲಸವಿದ್ದವರಂತೆ ನಿಂತಿದ್ದರು. ಸುದ್ದಿ ಕೇಳಿ ಮೇಷ್ಟ್ರು ಕೈ ಕುಲುಕಿ, "ನೋಡಿದ್ಯಾ, ಬೆಳಿಗ್ಗೆ ಹತ್ತಿಸಿದ್ದು ಎಷ್ಟು ಕೆಲಸ ಮಾಡ್ತು!" ಎಂದರು. ಅಜ್ಜಿ ಹೆಂಡತಿಯನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಪಿಸುಗುಟ್ಟಿದರು.

ಎಂಟು ಗಂಟೆಗೆ ಊಟಕ್ಕೆ ಕೂತರು. ದಿಂಬಣ್ಣನ ಮುಂದೆ ಅರ್ಧ ಬಟ್ಟಲು ತೆಳು ಸೂಪು ಬಂತು. ಹೆಂಡತಿಯ ತಟ್ಟೆಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಮೊಟ್ಟೆ, ಹುರಿದ ಆಲೂಗಡ್ಡೆ ಗುಡ್ಡ ಬಿದ್ದಿತ್ತು. ಮೂರು ತಿಂಗಳ ಹಸಿವನ್ನು ಒಂದೇ ಸಲಕ್ಕೆ ಎದುರಿಗೆ ಕೂರಿಸಿಕೊಂಡವಳಂತೆ ಅವಳು ನಿಧಾನವಾಗಿ, ರುಚಿ ನೋಡಿ ನೋಡಿ ತಿನ್ನತೊಡಗಿದಳು.

"ಅಷ್ಟೂ ನಿಂಗೇನಾ?" ಎಂದ ದಿಂಬಣ್ಣ, ಆಲೂಗಡ್ಡೆಯಿಂದ ಕಣ್ಣು ಕೀಳಲಾಗದೆ.

"ಇನ್ಮೇಲೆ ಇಬ್ಬರ ಪಾಲು ತಿನ್ಬೇಕಂತೆ. ಅಜ್ಜಿ ಹೇಳಿದ್ರು."

"ಅಲ್ಲ ಕಣೆ, ಅಷ್ಟು ಪುಟ್ಟ ಮಗುಗೆ ಇಷ್ಟೆಲ್ಲಾ ಬೇಕಾ?"

"ಮಗು ಪಾಲು ಅಂತ ಯಾರು ಅಂದ್ರು?" ಎಂದಳು ಹೆಂಡತಿ, ಇನ್ನೊಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಇದು ನನ್ನ ಪಾಲು. ಇದು ನಿಮ್ದು."